ರದ್ದಿ ಕಾಗದ, ಖಾಲಿ ಸೀಸೆ

ಅಮೆರಿಕಾ ದೇಶದ ಪ್ರೌಢಶಾಲೆಗಳಲ್ಲಿ ಪರಿಸರ ಸಂಘಗಳೆಂಬುವು ಹುಟ್ಟುವುದಕ್ಕೆ ಬಹು ಮುಂಚೆಯೇ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಲ್ಲಿನ ಬಾಲಕಬಾಲಿಕೆಯರು ಮನೆಮನೆಗೂ ಹೋಗಿ ಹಳೆಯ ವೃತ್ತಪತ್ರಿಕೆ, ತುಕ್ಕು ಹಿಡಿದ ಕಬ್ಬಿಣ, ಸವೆದ ರಬ್ಬರು ಮೊದಲಾದುವನ್ನು ಸಂಗ್ರಹಿಸಿ ಯುದ್ಧಕಾರ್ಯಕ್ಕೆ ಒಪ್ಪಿಸುತ್ತಿದ್ದರು. ಅಂದು ಅವರನ್ನು ಪ್ರೇರಿಸಿದುದು ದೇಶಾಭಿಮಾನವೇ ಹೊರತು ಪ್ರಕೃತಿಯ ಚಿಂತೆಯಲ್ಲ. ಶಾಂತಿ ನೆಲಸಿದ ಮೇಲೆಯೂ ಆ ರೂಢಿ ಅಳಿಯದೆ, ರದ್ದಿ ಮಾರಿ ಶಾಲೆಯ ಖರ್ಚಿಗೆ ಹಣ ಕೂಡಿಸುವ ಪದ್ಧತಿಯಾಗಿ ಉಳಿಯಿತು.

1970ರ ಏಪ್ರಿಲ್ 22ರಂದು, ಸೆನೆಟರ್ ಗೇಲಾರ್ಡ್ ನೆಲ್ಸನ್ನರ ಪ್ರೇರಣೆಯಿಂದ ಮೊದಲ ಭೂದಿನವು ನಡೆದು, ಸಹಸ್ರಾರು ಶಾಲೆಗಳೂ ಸುಮಾರು 2 ಕೋಟಿ ಜನರೂ ಅದರಲ್ಲಿ ಪಾಲ್ಗೊಂಡಾಗ, ಹಳೆಯ ರೂಢಿಗೆ ಹೊಸದೊಂದು ಅರ್ಥ ಪ್ರಾಪ್ತವಾಯಿತು. ಮರುಬಳಕೆಯ ಮೂರು ಬಾಣಗಳ ಚಿಹ್ನೆಯನ್ನು ಅದೇ ವರ್ಷ ರಚಿಸಿದವನು ಗ್ಯಾರಿ ಆಂಡರ್ಸನ್ ಎಂಬ 23 ವರ್ಷದ ವಿದ್ಯಾರ್ಥಿ. ಅದಕ್ಕಾಗಿ ಸ್ಪರ್ಧೆಯನ್ನೇರ್ಪಡಿಸಿದುದು ರಟ್ಟಿನ ಪೆಟ್ಟಿಗೆಗಳ ಕಂಪನಿಯೊಂದು ಎಂಬುದು ಸ್ವಾರಸ್ಯಕರ.

ಆದರೆ, ನನ್ನ ಎಣಿಕೆಯಲ್ಲಿ, ಶಾಲೆಗಳ ಪರಿಸರ ಸಂಘಗಳ ಬೊಕ್ಕಸಕ್ಕೆ ಆದರ್ಶಕ್ಕಿಂತ ಹೆಚ್ಚಾಗಿ ನೆರವಾದುದು ಕಾನೂನು. ಒರೆಗಾನ್ ಸಂಸ್ಥಾನವು 1971ರಲ್ಲಿ ಅಂಗೀಕರಿಸಿ ಮರುವರ್ಷ ಜಾರಿಗೆ ತಂದ ಶಾಸನದ ಮೇರೆಗೆ, ಬಿಯರು, ಸೋಡಾಗಳ ಸೀಸೆಡಬ್ಬಿಗಳನ್ನು ಕೊಳ್ಳುವವನು ಸಾಮಾನ್ಯವಾಗಿ 5 ಸೆಂಟುಗಳ ಠೇವಣಿಯನ್ನು ತೆರಬೇಕಾಗಿತ್ತು. ಖಾಲಿಯಾದುದನ್ನು ಹಿಂದಿರುಗಿಸಿದವರು ಯಾರೇ ಆಗಿರಲಿ, ಆ ಹಣ ಅವರದು. ಹೀಗೆ ರಸ್ತೆಯ ಬದಿಯಲ್ಲಿ ಬಿದ್ದ ಕಸಕ್ಕೂ ನಿಶ್ಚಿತವಾದ ಬೆಲೆಯೊದಗಿ, ರದ್ದಿಯ ಏರಿಳಿಯುವ ದರವನ್ನೇ ನೆಚ್ಚಿಕೊಂಡಿರಬೇಕಾದ ಕಷ್ಟ ವಿದ್ಯಾರ್ಥಿಗಳಿಗೆ ತಪ್ಪಿತು. 2017ರಲ್ಲಿ ಆ ಠೇವಣಿ 10 ಸೆಂಟುಗಳಿಗೆ ಏರಿತು.