ರೀಲಿಗೆ ಹನ್ನೆರಡೇ ಫೋಟೊ

ಒಂದು ಮದುವೆಗೆ ಹೋದರೆ ಮೊಬೈಲಿನಲ್ಲಿ ನೂರಾರು ಫೋಟೊ ತೆಗೆಯುವ ನಮಗೆ ಆಗ್ಫಾ ಕ್ಲಿಕ್-3 ಕ್ಯಾಮೆರಾದ ಲೆಕ್ಕ ವಿಚಿತ್ರ ಎನಿಸುತ್ತದೆ. ಬರೋಡಾದಲ್ಲಿ ತಯಾರಾಗುತ್ತಿದ್ದ ಈ ಕ್ಯಾಮೆರಾಕ್ಕೆ 120 ಸೈಜಿನ ರೀಲು ಹಾಕಿದರೆ ಬರುತ್ತಿದ್ದದ್ದು 12 ಫೋಟೊ ಮಾತ್ರ. ಹಿಂಬದಿಯ ಕೆಂಪು ಕಿಂಡಿಯಲ್ಲಿ ಮುಂದಿನ ನಂಬರು ಕಾಣುವವರೆಗೆ ಕೈಯಲ್ಲೇ ರೀಲು ಸುತ್ತಬೇಕು. ಮರೆತರೆ ಒಂದರ ಮೇಲೊಂದು ಚಿತ್ರ ಬೀಳುತ್ತಿತ್ತು.

ರೀಲು ನಮ್ಮ ದೇಶದಲ್ಲೇ ತಯಾರಾಗಲಿ ಎಂದು ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಸ್ಥಾಪಿಸಿತು. ಕಾರ್ಖಾನೆ ಇದ್ದದ್ದು ನಮ್ಮ ಚಾಮರಾಜನಗರದ ಗಡಿಯಾಚೆಯ ಊಟಿಯಲ್ಲಿ. ಅಲ್ಲಿನ ಕಪ್ಪು-ಬಿಳುಪು ರೀಲಿನ ಹೆಸರು 'ಇಂದು'. ಮೊದಲು ಕಲರ್ ಬಂತು, ಆಮೇಲೆ ಡಿಜಿಟಲ್ ಬಂತು. ಬೇಡಿಕೆ ಕುಸಿದು ಕಾರ್ಖಾನೆಯೂ ಮುಚ್ಚಿತು.

ಕ್ಯಾಮೆರಾಗಳು ಗುಜರಿಗೆ ಹೋದವು. ಅದಕ್ಕಿಂತ ದೊಡ್ಡ ನಷ್ಟ ನೆಗೆಟಿವ್‌ಗಳದ್ದು. ಊರಿನ ಸ್ಟುಡಿಯೊ ಬಾಗಿಲು ಹಾಕಿದಾಗ ಅವೂ ಕಸ ಸೇರುತ್ತವೆ. ಎಷ್ಟೋ ಮನೆಗಳಲ್ಲಿ ಅಜ್ಜಿಯ ಮುಖ ಉಳಿದಿರುವುದು ಅದೊಂದರಲ್ಲೇ.

ನಿಮ್ಮ ಟ್ರಂಕಿನಲ್ಲಿ ನೆಗೆಟಿವ್ ಇದ್ದರೆ ಎಸೆಯಬೇಡಿ. ಅಂಚು ಮಾತ್ರ ಹಿಡಿದು ಒಂದು ಮೊಬೈಲಿನ ಬಿಳಿ ಪರದೆಯ ಮುಂದಿಡಿ. ಇನ್ನೊಂದು ಮೊಬೈಲಿನಲ್ಲಿ ಫೋಟೊ ತೆಗೆದು, ಎಡಿಟ್ ಆ್ಯಪಿನಲ್ಲಿ ಕಪ್ಪನ್ನು ಬಿಳಿ, ಬಿಳಿಯನ್ನು ಕಪ್ಪು ಮಾಡಿ ನೋಡಿ. ಯಾರ ಮುಖ ಕಂಡಿತೆಂದು ಮನೆಯ ಹಿರಿಯರನ್ನು ಕೇಳಿ, ಹೆಸರು ಬರೆದಿಡಿ.