ನೀಲಗಿರಿಯ ಬೇಟೆಕಟ್ಟಳೆಯೂ ನಮ್ಮ ಪಾಠಶಾಲೆಯ ಮಕ್ಕಳೂ

ವನ್ಯಪ್ರಾಣಿಗಳ ರಕ್ಷಣೆಯ ಪಾಠವನ್ನು ಉಪಾಧ್ಯಾಯರಾದ ನಾವು 1972ರ ಕಾಯಿದೆಯಿಂದ ಆರಂಭಿಸುವುದು ರೂಢಿ. ನಮ್ಮ ನೀಲಗಿರಿಯಲ್ಲಾದರೋ ಅದರ ಚರಿತ್ರೆ ಮತ್ತೂ ಒಂದು ಶತಮಾನದಷ್ಟು ಹಿಂದಕ್ಕೆ ಹೋಗುತ್ತದೆ. ಇಲ್ಲಿ ನೆಲಸಿದ್ದ ಆಂಗ್ಲರು 1877ರಲ್ಲಿ ಒಂದು ಬೇಟೆಸಂಘವನ್ನು ಕಟ್ಟಿದರು. 1879ರಲ್ಲಿ ಮದರಾಸು ಸರ್ಕಾರವು ನೀಲಗಿರಿಯ ಬೇಟೆಪ್ರಾಣಿಗಳನ್ನೂ ಮೀನುಗಳನ್ನೂ ಕಾಯಲು ಪ್ರತ್ಯೇಕ ಕಾನೂನನ್ನೇ ಮಾಡಿತು. ಬೇಟೆ ನಿಷಿದ್ಧವಾದ ತಿಂಗಳುಗಳು ಗೊತ್ತಾದವು. ಕ್ರಮೇಣ ಪರವಾನಗಿಯೂ ಬಂದಿತು. ಇದರ ಮೂಲ ಭೂತದಯೆಯಲ್ಲ; ಮುಂದಿನ ವರ್ಷವೂ ಕೋವಿಗೆ ಗುರಿ ಉಳಿದಿರಬೇಕೆಂಬ ಚಿಂತೆ. ಆದರೂ ಮೇಲ್ಬೆಟ್ಟದ ವರೆಯಾಡು ಇಂದಿಗೂ ಉಳಿದಿರುವುದರಲ್ಲಿ ಆ ಕಟ್ಟಳೆಗೂ ಪಾಲುಂಟೆಂಬುದನ್ನು ಅಲ್ಲಗಳೆಯಲಾಗದು.

ಆದರೆ ಒಂದು ಕೈ ಕಾಯ್ದುದನ್ನು ಇನ್ನೊಂದು ಕೈ ಕೆಡಿಸಿತು. ವರೆಯಾಡು ಮೇಯುವ ಹುಲ್ಲುಗಾವಲು ದೊರೆಗಳ ಕಣ್ಣಿಗೆ ಪಾಳುನೆಲವಾಗಿ ಕಂಡಿತು. 1840ರ ದಶಕದ ಹೊತ್ತಿಗೇ ಆಸ್ಟ್ರೇಲಿಯದ ಮರಗಳು ಇಲ್ಲಿಗೆ ಬಂದಿದ್ದವು. ಸ್ವಾತಂತ್ರ್ಯಾನಂತರ ನಮ್ಮವರೂ ಅವನ್ನು ಬಹಳವಾಗಿ ಹಬ್ಬಿಸಿದರು. ಕನ್ನಡದಲ್ಲಿ ನಾವು ಆ ಪರದೇಶದ ಮರವನ್ನೇ ‘ನೀಲಗಿರಿ’ ಎಂದು ಕರೆಯುತ್ತೇವೆ! ಮಕ್ಕಳು ಅದನ್ನು ಈ ಬೆಟ್ಟದ ಹುಟ್ಟುಮರವೆಂದು ನಂಬಿದರೆ ತಪ್ಪು ಯಾರದು?

ಇನ್ನು ತರಗತಿಯ ಮಾತು. ನಮ್ಮ ಮುಂದೆ ಬಡಗರ, ತೋಡರ, ಕೋತರ, ಕುರುಂಬರ, ಇರುಳರ ಮಕ್ಕಳು ಕುಳಿತಿರುವರು. ಚಹಾತೋಟದ ತಮಿಳರ ಮಕ್ಕಳೂ ಇರುವರು. ದೊರೆಯ ಕೋವಿಗೆ ಬಿದ್ದ ಮೃಗ ‘ಶಿಕಾರಿ’ ಎನಿಸಿತು. ಕುರುಂಬನ ಬಲೆಗೆ ಬಿದ್ದುದು ‘ಕಳ್ಳಬೇಟೆ’ ಎನಿಸಿತು. ದೊರೆಗೆ ಜಾಡು ತೋರಿಸುತ್ತಿದ್ದವನು ಅನೇಕ ವೇಳೆ ಆ ಕುರುಂಬನೇ! ಮುದುಮಲೆ 1940ರಲ್ಲಿ ಅಭಯಾರಣ್ಯವಾಯಿತು. 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಮೇಲೆ ಕೆಲವು ಕುಟುಂಬಗಳು ಕಾಡನ್ನು ಬಿಟ್ಟು ಹೊರಗೆ ಬಂದವು. ಅಲ್ಲಿಯ ತೆಪ್ಪಕಾಡಿನಲ್ಲಿ ಆನೆಗಳನ್ನು ಸಾಕಿ ಪಳಗಿಸುವ ಮಾವುತರಲ್ಲಿ ಕುರುಂಬರೂ ಇದ್ದಾರೆ. ಹೀಗಿರುವಾಗ ‘ಕಾಡುಜನರು ಪ್ರಾಣಿಗಳನ್ನು ಕೊಂದು ಕಾಡನ್ನು ಹಾಳುಮಾಡಿದರು’ ಎಂದು ಓದಿಸಿದರೆ ಆ ಮಗು ತಲೆ ತಗ್ಗಿಸದೆ ಏನು ಮಾಡೀತು? ಕಾಡನ್ನು ಪ್ರೀತಿಸೆಂದು ಹೇಳುವ ಬಾಯಿಂದಲೇ ಅದರ ತಾತನನ್ನು ಕಳ್ಳನೆಂದಂತಾಗುವುದಿಲ್ಲವೇ?

ಪರಿಸರದ ಪಾಠವನ್ನು ಕಡ್ಡಾಯಗೊಳಿಸಬೇಕೆಂದು 1991ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2006ರ ಅರಣ್ಯಹಕ್ಕು ಕಾಯಿದೆಯು ಕಾಡಿನ ನಿವಾಸಿಗಳ ಹಕ್ಕನ್ನು ಒಪ್ಪಿ, ವನ್ಯಜೀವಿಗಳನ್ನು ಕಾಯುವ ಹೊಣೆಯನ್ನೂ ಅವರ ಗ್ರಾಮಸಭೆಗೆ ವಹಿಸಿತು. ನಾವಾದರೋ ಈ ಪಾಠವನ್ನು ಕಪ್ಪುಹಲಗೆಯ ಮೇಲೆ ಒಂದು ಹೆಸರಿನಿಂದ ತೊಡಗುವುದು ಮೇಲೆಂದು ಭಾವಿಸುತ್ತೇವೆ. ಕನ್ನಡದಲ್ಲಿ ಆನೆ, ತಮಿಳಿನಲ್ಲಿ ಯಾನೈ, ಮಲೆಯಾಳದಲ್ಲಿ ಆನ. ಉಳಿದ ಹೆಸರುಗಳನ್ನು ಮಕ್ಕಳೇ ಎದ್ದು ಬಂದು ಬರೆಯಲಿ. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಕುರಿಂಜಿ 2018ರಲ್ಲಿ ಅರಳಿತ್ತು. ಅದಕ್ಕೆ ಹಿಂದಿನದನ್ನು ಅಜ್ಜಿಯರಿಂದ ಕೇಳಿಕೊಂಡು ಬರಲಿ. ಎಮ್ಮೆಗೆ ಯಾವ ಹುಲ್ಲು ಒಗ್ಗುವುದೆಂಬುದನ್ನು ತೋಡರ ಹುಡುಗ ಹೇಳಲಿ, ಜೇನು ಯಾವ ತಿಂಗಳು ಬಂಡೆಗೆ ಬರುವುದೆಂಬುದನ್ನು ಕುರುಂಬರ ಹುಡುಗಿ ಹೇಳಲಿ. ಅಂದು ನಾವೂ ಹಿಂದಿನ ಬೆಂಚಿನಲ್ಲಿ ಕುಳಿತು ಬರೆದುಕೊಳ್ಳೋಣ.