ಟೆರಿಯರ್ ಮರಿಗೆ ಪಾಠ ಯಾವಾಗ?

ಕಹಳೆಯ ಮುಂದೆ ತಲೆ ಓರೆ ಮಾಡಿ ಕುಳಿತ ಎಚ್.ಎಂ.ವಿ. ಗ್ರಾಮಫೋನ್ ತಟ್ಟೆಯ ನಾಯಿಯನ್ನು ಹಳಬರೆಲ್ಲ ಬಲ್ಲರು. ಆ ಚಿತ್ರಕ್ಕೆ ರೂಪದರ್ಶಿಯಾದ ‘ನಿಪ್ಪರ್’, 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ, ಟೆರಿಯರ್ ರಕ್ತದ ಬೆರಕೆ ನಾಯಿ. ಮನೆಗೆ ಬಂದವರ ಕಾಲಿಗೆ ಹಿಂದಿನಿಂದ ಬಾಯಿ ಹಾಕುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು ಬಂತಂತೆ.

ಕಚ್ಚುವುದು ಟೆರಿಯರ್‌ಗೆ ಕುಲಕಸುಬು. ಲ್ಯಾಟಿನ್ನಿನಲ್ಲಿ ‘ಟೆರ್ರಾ’ ಎಂದರೆ ನೆಲ. ನೆಲದೊಳಗಿನ ಬಿಲಕ್ಕೆ ನುಗ್ಗಿ ನರಿ, ಹೆಗ್ಗಣಗಳನ್ನು ಹೊರಗಟ್ಟಲೆಂದೇ ಬ್ರಿಟನ್ನಿನ ರೈತರು ಮತ್ತು ಬೇಟೆಗಾರರು ಈ ಪುಟ್ಟ ತಳಿಗಳನ್ನು ಬೆಳೆಸಿದರು. ಬಿಲದೊಳಗೆ ಒಡೆಯನ ಅಪ್ಪಣೆ ಕೇಳಿಸದು. ನಾಯಿ ತಾನೇ ನಿರ್ಧರಿಸಬೇಕು. ಹಟ, ಬೊಗಳು, ಅಗೆತ ಎಲ್ಲಕ್ಕೂ ಇದೇ ಮೂಲ.

ಇಂಥ ಮರಿಯನ್ನು ಪಳಗಿಸುವುದು ಹೇಗೆ? ಜರ್ಮನಿಯ ಸೇನಾಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ಪ್ರಕಟಿಸಿದ ತರಬೇತಿ ಪುಸ್ತಕದಲ್ಲಿ ಶಿಕ್ಷೆಗೆ ದೊಡ್ಡ ಸ್ಥಾನವಿತ್ತು. ಆರು ತಿಂಗಳು ತುಂಬುವ ಮೊದಲು ಪಾಠ ಬೇಡವೆಂಬ ನಂಬಿಕೆಯೂ ಬಹುಕಾಲ ಉಳಿಯಿತು.

ಈ ನಂಬಿಕೆಯನ್ನು ಅಲುಗಿಸಿದ್ದು ಅಮೆರಿಕದ ಬಾರ್ ಹಾರ್ಬರ್‌ನ ಜಾಕ್ಸನ್ ಪ್ರಯೋಗಾಲಯ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅಲ್ಲಿ ಐದು ತಳಿಗಳ ಮರಿಗಳನ್ನು ವರ್ಷಗಟ್ಟಲೆ ಗಮನಿಸಿದರು. ಅವುಗಳಲ್ಲಿ ಒರಟು ಕೂದಲಿನ ಫಾಕ್ಸ್ ಟೆರಿಯರ್ ಕೂಡ ಒಂದು. ಹುಟ್ಟಿದ 3ನೇ ವಾರದಿಂದ ಸುಮಾರು 12ನೇ ವಾರದವರೆಗೆ ಮರಿ ಹೊಸಬರನ್ನು ಸುಲಭವಾಗಿ ಒಪ್ಪಿಕೊಳ್ಳುತ್ತದೆ, ಬಳಿಕ ಹೊಸದೆಲ್ಲಕ್ಕೂ ಹೆದರತೊಡಗುತ್ತದೆ ಎಂಬುದು ಅವರು ಕಂಡ ಸತ್ಯ. 1961ರಲ್ಲಿ ಪ್ರಕಟವಾದ ಅಲ್ಲಿನ ಇನ್ನೊಂದು ಪ್ರಯೋಗದಲ್ಲಿ, 14 ವಾರ ಮನುಷ್ಯರ ಒಡನಾಟವಿಲ್ಲದೆ ಬೆಳೆದ ಮರಿಗಳು ಕಾಡುಪ್ರಾಣಿಗಳಂತೆ ದೂರ ಓಡಿದವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಗೆ ವಾರಗಳ ಲೆಕ್ಕ ಸಿಕ್ಕಿತು.

1980ರ ದಶಕದಲ್ಲಿ ಪಶುವೈದ್ಯ ಇಯಾನ್ ಡನ್‌ಬಾರ್ ಕ್ಯಾಲಿಫೋರ್ನಿಯಾದಲ್ಲಿ ಎಳೆಮರಿಗಳಿಗೆ ಹಗ್ಗವಿಲ್ಲದ ಪಾಠಶಾಲೆ ನಡೆಸಿದರು. ಬೆತ್ತದ ಬದಲು ತಿಂಡಿ ಮತ್ತು ಆಟ. ಮರಿ ಜೋರಾಗಿ ಕಚ್ಚಿದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಹಲ್ಲಿನ ಬಿಗಿ ಸಡಿಲಿಸಿದರೆ ಮತ್ತೆ ಶುರುವಾಗುತ್ತದೆ. ಒಡಹುಟ್ಟಿದ ಮರಿಗಳು ಪರಸ್ಪರ ಕಲಿಸುವ ಪಾಠವೂ ಇದೇ. ತಾಯಿಯಿಂದ ತೀರಾ ಬೇಗ ಅಗಲಿಸಿದ ಮರಿ ಈ ಪಾಠ ತಪ್ಪಿಸಿಕೊಳ್ಳುತ್ತದೆ.

ಆದರೆ ಇಲ್ಲೊಂದು ಇಕ್ಕಟ್ಟಿದೆ. 1978ರ ಸುಮಾರಿಗೆ ಪಾರ್ವೊ ವೈರಸ್ ಜಗತ್ತಿನೆಲ್ಲೆಡೆ ಮರಿಗಳನ್ನು ಬಲಿ ತೆಗೆದುಕೊಳ್ಳತೊಡಗಿತು. ಲಸಿಕೆಗಳೆಲ್ಲ ಮುಗಿಯುವವರೆಗೆ ಮರಿಯನ್ನು ಹೊರಗೆ ಬಿಡಬೇಡಿ ಎಂಬ ಸಲಹೆ ಸಹಜವೇ. ಲಸಿಕೆಗಳು ಮುಗಿಯುವ ಹೊತ್ತಿಗೆ ಮಾತ್ರ ಮರಿಗೆ ನಾಲ್ಕು ತಿಂಗಳಾಗಿ, ಕಲಿಕೆಯ ಬಾಗಿಲು ಮುಚ್ಚಿರುತ್ತದೆ! ಪ್ರಾಣಿವರ್ತನೆ ಕುರಿತ ಅಮೆರಿಕದ ಪಶುವೈದ್ಯರ ಸಂಘವು 2008ರಲ್ಲಿ ಮಧ್ಯದ ದಾರಿ ಹೇಳಿತು: ಮೊದಲ ಲಸಿಕೆಯಾಗಿ ಏಳು ದಿನ ಕಳೆದಿದ್ದರೆ, 7–8 ವಾರದ ಮರಿಯನ್ನೂ ಶುಚಿಯಾದ ತರಗತಿಗೆ ಕಳಿಸಬಹುದು. ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಸೋಂಕುರೋಗಕ್ಕಿಂತ ದುರ್ವರ್ತನೆಯೇ ದೊಡ್ಡ ಕಾರಣ ಎಂದೂ ಅದು ಎಚ್ಚರಿಸಿತು. ಹೆದರಿ ಕಚ್ಚುವ ನಾಯಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಬೀದಿನಾಯಿಗಳೂ ರೇಬೀಸ್ ಭಯವೂ ಇರುವ ನಮ್ಮ ಊರುಗಳಲ್ಲಿ ಎಳೆಮರಿಯನ್ನು ನೆಲಕ್ಕೆ ಬಿಡದೆ, ತೋಳಲ್ಲಿ ಎತ್ತಿಕೊಂಡೇ ಲೋಕ ತೋರಿಸಬಹುದು: ಆಟೊ ಸದ್ದು, ಕುಕ್ಕರ್ ಸೀಟಿ, ಕೊಡೆ ಹಿಡಿದವರು, ಶಾಲೆ ಬಿಟ್ಟ ಮಕ್ಕಳು. ಐದಾರು ಕಿಲೋ ತೂಗುವ ನಾಯಿಯ ಕಚ್ಚಾಟ ಹಲವರಿಗೆ ತಮಾಷೆ. ಹೆಗ್ಗಣ ಕೊಲ್ಲಲು ಬೆಳೆಸಿದ ಆ ಹಲ್ಲಿಗೆ ಮಗುವಿನ ಬೆರಳು ಯಾವುದೆಂದು ಕಲಿಸಬೇಕಾದವರು ಮನೆಯವರೇ. ಅದಕ್ಕೆ ಅವರಿಗಿರುವುದು ಕೆಲವೇ ವಾರಗಳು.